ಆ ಫೋಟೋದಲ್ಲಿದ್ದದ್ದು ಕ್ಸೈಲೋಫೋನ್ ಅಲ್ಲ

ಧಾರವಾಡದ ಹಿರಿಯ ಓದುಗರೊಬ್ಬರ ಪತ್ರ:

‘ಹೋದ ತಿಂಗಳ ಜಾಜ್ ಲೇಖನದ ಜೊತೆ ಲಯೊನೆಲ್ ಹ್ಯಾಂಪ್ಟನ್ ಅವರ ಫೋಟೋ ಹಾಕಿ, ಕೆಳಗೆ ಕ್ಸೈಲೋಫೋನ್ ನುಡಿಸುತ್ತಿರುವ ಹ್ಯಾಂಪ್ಟನ್ ಎಂದು ಅಚ್ಚು ಹಾಕಿದ್ದೀರಿ. ಅದು ವೈಬ್ರಾಫೋನ್ ಅಲ್ಲವೇ? ನನ್ನ ಮೊಮ್ಮಗಳು ನ್ಯೂಜೆರ್ಸಿಯ ಶಾಲೆಯಲ್ಲಿ ಅದನ್ನೇ ಕಲಿಯುತ್ತಿದ್ದಾಳೆ. ವಿಡಿಯೋ ಕಾಲ್‌ನಲ್ಲಿ ನಿಮ್ಮ ಪತ್ರಿಕೆ ತೋರಿಸಿದರೆ ನಕ್ಕುಬಿಟ್ಟಳು. ಅದಿರಲಿ. ಮುಂದೆ ಅದನ್ನೇ ಉದ್ಯೋಗ ಮಾಡಿಕೊಳ್ತೀನಿ ಅಂತಾಳೆ. ಇದರಾಗ ಹೊಟ್ಟಿ ತುಂಬ್ತದೇನ್ರಿ? ತುಂಬಿಸಿಕೊಂಡವರು ಇದ್ದರೆ ಹೆಂಗ ತುಂಬಿಸಿಕೊಂಡ್ರು?’

ಮಾನ್ಯರೇ,

ಮೊದಲು ತಪ್ಪೊಪ್ಪಿಗೆ. ಆ ಸಾಲು ಬರೆದದ್ದು ನಾನೇ. ಅಚ್ಚಿನ ಮನೆಯವರ ತಲೆಗೆ ಕಟ್ಟಬಹುದಿತ್ತು, ಆದರೆ ಅವರೂ ಈ ಪುಟ ಓದುತ್ತಾರೆ. ನಿಮ್ಮ ಮೊಮ್ಮಗಳು ನಕ್ಕಿದ್ದು ಸರಿ.

ಗೊಂದಲ ಯಾಕಾಗುತ್ತದೆ ಅಂದರೆ ಕ್ಸೈಲೋಫೋನ್, ಮರಿಂಬಾ, ವೈಬ್ರಾಫೋನ್ ಮೂರೂ ವಾದ್ಯ ನೋಡಲು ಅಕ್ಕತಂಗಿಯರ ಹಾಗಿವೆ. ಪಿಯಾನೋ ಮಣೆಗಳ ಹಾಗೆ ಸಾಲಾಗಿ ಜೋಡಿಸಿದ ಪಟ್ಟಿಗಳು, ಹೊಡೆಯಲು ಗುಂಡು ತಲೆಯ ಕೋಲುಗಳು. ಆ ಕೋಲಿಗೆ ಮ್ಯಾಲೆಟ್ ಅಂತಾರೆ. ಕ್ಸೈಲೋಫೋನ್ ಮತ್ತು ಮರಿಂಬಾದ ಪಟ್ಟಿಗಳು ಮರದವು. ಕ್ಸೈಲೋಫೋನ್ ದನಿ ಎತ್ತರ, ಒಣ, ಟಕಟಕ. ಮರಿಂಬಾದ್ದು ತಗ್ಗು, ತುಂಬು ದನಿ. ವೈಬ್ರಾಫೋನ್ ಪಟ್ಟಿಗಳು ಅಲ್ಯೂಮಿನಿಯಂನವು. ಒಂದು ಪೆಟ್ಟು ಕೊಟ್ಟರೆ ದನಿ ಬಹಳ ಹೊತ್ತು ನಿಲ್ಲುತ್ತದೆ. ಜಲತರಂಗದ ಬಟ್ಟಲು ಮೊಳಗಿದ ಹಾಗೆ. ವ್ಯತ್ಯಾಸ ಏನಂದರೆ, ಇಲ್ಲಿ ಕಾಲಡಿ ಒಂದು ಪೆಡಲ್ ಇರುತ್ತದೆ. ಒತ್ತಿದರೆ ದನಿ ಹರಿಯುತ್ತದೆ, ಬಿಟ್ಟರೆ ಕಟ್ ಆಗುತ್ತದೆ. ಪಟ್ಟಿಗಳ ಕೆಳಗೆ ಕೊಳವೆಗಳಿವೆ. ಅವುಗಳ ಬಾಯಲ್ಲಿ ಪುಟ್ಟ ಬಿಲ್ಲೆಗಳು ಮೋಟಾರಿನಿಂದ ತಿರುಗುತ್ತವೆ. ಕೊಳವೆಯ ಬಾಯಿ ತೆರೆದು ಮುಚ್ಚಿ ತೆರೆದು ಮುಚ್ಚಿ, ದನಿ ಅಲೆಅಲೆಯಾಗಿ ನಡುಗುತ್ತದೆ. ಆ ನಡುಕದಿಂದಲೇ ಅದಕ್ಕೆ ಆ ಹೆಸರು.

ವಯಸ್ಸಿನಲ್ಲಿ ಇದು ಚಿಕ್ಕ ವಾದ್ಯ. ಇಂಡಿಯಾನಾಪೊಲಿಸ್‌ನ ಲೀಡಿ ಕಂಪನಿ 1920ರ ದಶಕದ ಆರಂಭದಲ್ಲಿ ಇದನ್ನು ಮಾರತೊಡಗಿತು. 1927ರಲ್ಲಿ ಶಿಕಾಗೋದ ಡೀಗನ್ ಕಂಪನಿ ಅಲ್ಯೂಮಿನಿಯಂ ಪಟ್ಟಿ, ಪೆಡಲ್ ಎಲ್ಲ ಸೇರಿಸಿ ಇವತ್ತಿನ ರೂಪಕ್ಕೆ ತಂದಿತು. ಆಗ ಯಾರೂ ಇದನ್ನು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ನಾಟಕ, ವಿನೋದಾವಳಿಗಳಲ್ಲಿ ನಡುವೆ ಒಂದು ಮಜಾ ಸದ್ದು ಬೇಕಾದಾಗ ಕುಟ್ಟುತ್ತಿದ್ದರು, ಅಷ್ಟೇ.

ಆ ಮಜಾ ಸದ್ದು ಜಾಜ್‌ಗೆ ಬಂದದ್ದು ಹ್ಯಾಂಪ್ಟನ್ ಕೈಯಿಂದ. 1930, ಲಾಸ್ ಏಂಜಲಿಸ್. ಟ್ರಂಪೆಟ್ ವಾದಕ, ಗಾಯಕ ಲೂಯಿ ಆರ್ಮ್‌ಸ್ಟ್ರಾಂಗ್ ಜೊತೆ ರೆಕಾರ್ಡಿಂಗ್. ಹ್ಯಾಂಪ್ಟನ್ ಆಗ ಡ್ರಮ್ಮರ್. ಸ್ಟುಡಿಯೋ ಮೂಲೆಯಲ್ಲಿ ಒಂದು ವೈಬ್ರಾಫೋನ್ ನಿಂತಿತ್ತು. ಇದು ನುಡಿಸಲು ಬರುತ್ತಾ ಅಂತ ಆರ್ಮ್‌ಸ್ಟ್ರಾಂಗ್ ಕೇಳಿದರು. ಹ್ಯಾಂಪ್ಟನ್ ಹುಡುಗನಿದ್ದಾಗ ಕ್ಸೈಲೋಫೋನ್ ಕಲಿತಿದ್ದವರು. ಸುಮ್ನೆ ಹೂಂ ಅಂದರು. ‘ಮೆಮೊರೀಸ್ ಆಫ್ ಯು’ ಹಾಡಿನಲ್ಲಿ ಅದನ್ನು ಕೇಳಬಹುದು. 1936ರಲ್ಲಿ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್, ಹ್ಯಾಂಪ್ಟನ್‌ರನ್ನು ತಮ್ಮ ತಂಡಕ್ಕೆ ಕರೆದರು. ಗುಡ್‌ಮನ್ ಮತ್ತು ಡ್ರಮ್ಮರ್ ಜೀನ್ ಕ್ರೂಪಾ ಬಿಳಿಯರು, ಹ್ಯಾಂಪ್ಟನ್ ಮತ್ತು ಪಿಯಾನೋದ ಟೆಡ್ಡಿ ವಿಲ್ಸನ್ ಕರಿಯರು. ಆ ಕಾಲದ ಅಮೆರಿಕದಲ್ಲಿ ಈ ನಾಲ್ವರು ಒಂದೇ ವೇದಿಕೆ ಹತ್ತುವುದು ಸಣ್ಣ ಮಾತಾಗಿರಲಿಲ್ಲ.

ಈಗ ಹೊಟ್ಟೆಯ ಪ್ರಶ್ನೆ. ಹ್ಯಾಂಪ್ಟನ್ 1940ರಲ್ಲಿ ಸ್ವಂತ ದೊಡ್ಡ ಬ್ಯಾಂಡ್ ಕಟ್ಟಿದರು. 2002ರಲ್ಲಿ 94ನೇ ವಯಸ್ಸಿನಲ್ಲಿ ತೀರಿಕೊಳ್ಳುವ ತನಕ ಅವರ ಹೆಸರು ಮಾಸಲಿಲ್ಲ. ಆದರೆ ದುಡ್ಡಿನ ಲೆಕ್ಕ ನೋಡುತ್ತಿದ್ದದ್ದು ಅವರಲ್ಲ, ಹೆಂಡತಿ ಗ್ಲ್ಯಾಡಿಸ್. ಅದನ್ನು ಯಾಕೆ ಹೇಳಿದೆ ಅಂದರೆ, ಈ ವಾದ್ಯದಲ್ಲಿ ಬದುಕಿದವರ ಕತೆ ಕೆದಕಿದರೆ ಎಲ್ಲ ಕಡೆ ಪಕ್ಕದಲ್ಲಿ ಇನ್ನೊಂದು ಆಸರೆ ಕಾಣುತ್ತದೆ. ವಾದ್ಯವೊಂದನ್ನೇ ನಂಬಿ ನಿಂತವರು ಕಡಿಮೆ.

ಯಾಕೆ ಹಾಗೆ? ಜಾಜ್ ಬ್ಯಾಂಡ್‌ನಲ್ಲಿ ಟ್ರಂಪೆಟ್‌ಗೆ ಕುರ್ಚಿ ಇದೆ, ಸ್ಯಾಕ್ಸೋಫೋನ್‌ಗೆ ಇದೆ, ಪಿಯಾನೋ, ಬಾಸ್, ಡ್ರಮ್ಸ್‌ಗೆ ಇದೆ. ಒಬ್ಬ ಬಿಟ್ಟರೆ ಇನ್ನೊಬ್ಬ ಬಂದು ಕೂರಬಹುದು. ವೈಬ್ರಾಫೋನ್‌ಗೆ ಅಂಥ ಕಾಯಂ ಕುರ್ಚಿ ಇಲ್ಲ. ಅದು ಮಾಡುವ ಕೆಲಸವನ್ನು ಅರ್ಧ ಪಿಯಾನೋ, ಅರ್ಧ ಡ್ರಮ್ಸ್ ಆಗಲೇ ಮಾಡಿರುತ್ತವೆ. ಮೇಲಾಗಿ ಅದು ಅರ್ಧ ಕ್ವಿಂಟಲ್ ಆಚೀಚೆ ತೂಗುವ ಸಾಮಾನು. ಕಚೇರಿಗೆ ಮೊದಲು ಬಿಚ್ಚಿ ತರಬೇಕು, ಜೋಡಿಸಬೇಕು, ಮುಗಿದ ಮೇಲೆ ಮತ್ತೆ ಬಿಚ್ಚಬೇಕು. ಕೊಳಲಿನವರು ಅಷ್ಟು ಹೊತ್ತಿಗೆ ಮನೆ ಸೇರಿ ಊಟ ಮಾಡಿರುತ್ತಾರೆ.

ಬಾಬಿ ಹಚರ್‌ಸನ್ ಅವರ ಬದುಕು ನೋಡಿ. ನನಗೆ ಎಲ್ಲರಿಗಿಂತ ಇಷ್ಟದವರು, ಹಾಗಾಗಿ ಸ್ವಲ್ಪ ಉದ್ದವಾದರೆ ಬೇಸರಿಸಬೇಡಿ. 1941ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಹುಟ್ಟಿದರು. ಅಪ್ಪ ಇಟ್ಟಿಗೆ ಕಟ್ಟುವ ಗಾರೆ ಕೆಲಸದವರು. ಹುಡುಗ ಅಂಗಡಿಯಲ್ಲಿ ವೈಬ್ರಾಫೋನ್ ವಾದಕ ಮಿಲ್ಟ್ ಜಾಕ್ಸನ್ ರೆಕಾರ್ಡ್ ಕೇಳಿ ಹುಚ್ಚನಾದ. ಅಪ್ಪನ ಜೊತೆ ಇಟ್ಟಿಗೆ ಹೊತ್ತು ದುಡ್ಡು ಕೂಡಿಸಿ ವೈಬ್ರಾಫೋನ್ ಕೊಂಡ. ಮೊದಲ ಕಾರ್ಯಕ್ರಮಕ್ಕೆ ಸ್ವರ ಮರೆತುಹೋಗದಿರಲಿ ಅಂತ ಪಟ್ಟಿಗಳ ಮೇಲೆ ಪೆನ್ನಿನಲ್ಲಿ ಒಂದು, ಎರಡು, ಮೂರು ಎಂದು ನಂಬರ್ ಬರೆದುಕೊಂಡಿದ್ದ. ಪರದೆ ಏಳುವ ಮೊದಲು ರಂಗ ನೋಡಿಕೊಳ್ಳುವವರು, ಪಾಪ, ಗಲೀಜಾಗಿದೆ ಅಂತ ಒದ್ದೆ ಬಟ್ಟೆಯಲ್ಲಿ ಎಲ್ಲ ಒರೆಸಿಬಿಟ್ಟರು. ಮೊದಲ ಸ್ವರ ಸರಿ ಬಿತ್ತಂತೆ. ಎರಡನೆಯದರಿಂದ ಮುಂದೆ ದೇವರೇ ಗತಿ. ಸಭೆಯಲ್ಲಿ ಕೂತ ಅಪ್ಪ, ಇವನು ಗಾರೆ ಕೆಲಸಕ್ಕೇ ಬರಬೇಕಿತ್ತು ಅಂದರಂತೆ. ಈ ಕತೆಯನ್ನು ಹಚರ್‌ಸನ್ ತಾವೇ ನಗುತ್ತ ಹೇಳಿಕೊಳ್ಳುತ್ತಿದ್ದರು.

ಅದೇ ಮನುಷ್ಯ 1964ರಲ್ಲಿ ಸ್ಯಾಕ್ಸೋಫೋನ್ ವಾದಕ ಎರಿಕ್ ಡಾಲ್ಫಿ ಜೊತೆ ‘ಔಟ್ ಟು ಲಂಚ್’ ರೆಕಾರ್ಡ್‌ನಲ್ಲಿ ನುಡಿಸಿದರು. ಆ ತಂಡದಲ್ಲಿ ಪಿಯಾನೋ ಇರಲೇ ಇಲ್ಲ. ಪಿಯಾನೋ ನಿಲ್ಲಬೇಕಾದ ಜಾಗದಲ್ಲಿ ಹಚರ್‌ಸನ್ ನಿಂತಿದ್ದರು. ಆದರೂ ನ್ಯೂಯಾರ್ಕ್‌ನಲ್ಲಿ ಅವರು ಟ್ಯಾಕ್ಸಿ ಓಡಿಸುತ್ತಿದ್ದರು. ಆಗ ಆ ಊರಿನ ಕ್ಲಬ್‌ಗಳಲ್ಲಿ ನುಡಿಸಬೇಕಾದರೆ ಪೊಲೀಸರು ಕೊಡುವ ಕ್ಯಾಬರೆ ಕಾರ್ಡ್ ಬೇಕಿತ್ತು. 1967ರಲ್ಲಿ ಗಾಂಜಾ ಕೇಸೊಂದರಲ್ಲಿ ಸಿಕ್ಕಿಬಿದ್ದರು. ಕಾರ್ಡೂ ಹೋಯಿತು, ಟ್ಯಾಕ್ಸಿ ಲೈಸೆನ್ಸೂ ಹೋಯಿತು. ಎರಡೂ ಹೊಟ್ಟೆಪಾಡು ಒಂದೇ ಏಟಿಗೆ. ಕ್ಯಾಲಿಫೋರ್ನಿಯಾಕ್ಕೆ ವಾಪಸ್ ಬಂದರು. ಆಮೇಲೆ ‘ಉಮ್’ ಎಂಬ ಒಂದು ಹಾಡು ಚೆನ್ನಾಗಿ ಓಡಿತು. ಅದರ ದುಡ್ಡಿನಲ್ಲಿ ಸಮುದ್ರದ ಬದಿಯ ಮಾಂಟಾರಾ ಎಂಬಲ್ಲಿ ಒಂದು ಎಕರೆ ಜಮೀನು ಕೊಂಡು ಮನೆ ಮಾಡಿದರು. 2016ರಲ್ಲಿ ಅಲ್ಲೇ ತೀರಿಕೊಂಡರು. ನಾಲ್ಕೈದು ದಶಕ ನುಡಿಸಿದವರ ಮನೆ ನಿಂತದ್ದು ಒಂದು ಹಾಡಿನ ಮೇಲೆ. ಇದನ್ನು ಅದೃಷ್ಟ ಅನ್ನಬೇಕೋ ಅನ್ಯಾಯ ಅನ್ನಬೇಕೋ, ನೀವೇ ಹೇಳಿ.

ಹಚರ್‌ಸನ್ ಹುಚ್ಚು ಹಿಡಿಸಿಕೊಂಡ ಮಿಲ್ಟ್ ಜಾಕ್ಸನ್ ಅವರದು ಬೇರೆ ದಾರಿ. ಡೆಟ್ರಾಯಿಟ್‌ನವರು. ಹ್ಯಾಂಪ್ಟನ್ ಮೋಟಾರನ್ನು ಜೋರಾಗಿ ತಿರುಗಿಸುತ್ತಿದ್ದರು, ಜಾಕ್ಸನ್ ಬಹಳ ನಿಧಾನ ಮಾಡಿದರು. ಅಷ್ಟರಿಂದಲೇ ಲೋಹದ ಪಟ್ಟಿ ಮನುಷ್ಯನ ಗಂಟಲಿನ ಹಾಗೆ ಉಸಿರಾಡತೊಡಗಿತು. 1952ರಿಂದ ಮಾಡರ್ನ್ ಜಾಜ್ ಕ್ವಾರ್ಟೆಟ್ ಎಂಬ ನಾಲ್ವರ ತಂಡದಲ್ಲಿ. ಸೂಟು, ಟೈ, ಸಂಗೀತ ಸಭಾಂಗಣಗಳು, ಯುರೋಪ್ ಪ್ರವಾಸ, ಎಲ್ಲ ಗೌರವ ಸಿಕ್ಕಿತು. 1974ರಲ್ಲಿ ಜಾಕ್ಸನ್ ತಂಡ ಬಿಟ್ಟರು. ಇಷ್ಟು ಹೆಸರಿದ್ದರೂ ಕೈಗೆ ಬರುವುದು ಕಡಿಮೆ ಅನ್ನುವುದು ಅವರ ದೊಡ್ಡ ಅಸಮಾಧಾನವಾಗಿತ್ತು. ತಂಡವೇ ನಿಂತುಹೋಯಿತು. 1981ರಲ್ಲಿ ಮತ್ತೆ ಕೂಡಿದರು.

ದುಡ್ಡಿನ ವಿಷಯದಲ್ಲಿ ಕಣ್ಣು ತೆರೆದಿಟ್ಟುಕೊಂಡವರು ವಿಕ್ಟರ್ ಫೆಲ್ಡ್‌ಮನ್. ಲಂಡನ್ನಿನ ಬಾಲಪ್ರತಿಭೆ. ಡ್ರಮ್ಸ್, ಪಿಯಾನೋ, ವೈಬ್ರಾಫೋನ್ ಮೂರೂ ಬರುತ್ತಿತ್ತು. ಲಾಸ್ ಏಂಜಲಿಸ್‌ಗೆ ಹೋಗಿ ಸ್ಟುಡಿಯೋ ಕೆಲಸ, ಅಂದರೆ ರೆಕಾರ್ಡಿಂಗ್‌ಗಳಿಗೆ ನುಡಿಸುವ ಕೆಲಸ, ಹಿಡಿದರು. 1963ರಲ್ಲಿ ಜಾಜ್‌ನ ದೊಡ್ಡ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜೊತೆ ಪಿಯಾನೋ ನುಡಿಸಿದರು. ತಂಡಕ್ಕೇ ಬಾ ಅಂತ ಡೇವಿಸ್ ಕರೆದರೆ, ಸ್ಟುಡಿಯೋ ಸಂಪಾದನೆಯೇ ಮೇಲು ಅಂತ ಒಲ್ಲೆ ಅಂದರು! ಆ ಜಾಗಕ್ಕೆ ಬಂದವರು ಮುಂದೆ ದೊಡ್ಡ ಹೆಸರಾದ ಹರ್ಬಿ ಹ್ಯಾನ್‌ಕಾಕ್. ಸಂಗೀತದ ಅಭಿಮಾನಿಗಳು ಇದನ್ನು ಕೇಳಿ ಹಣೆ ಚಚ್ಚಿಕೊಳ್ಳುತ್ತಾರೆ. ಮನೆ ನಡೆಸಿದವರು ಚಚ್ಚಿಕೊಳ್ಳಲಾರರು.

ಹೆಣ್ಣುಮಕ್ಕಳ ಮಾತು ನೀವು ಕೇಳಲಿಲ್ಲ, ಆದರೂ ಹೇಳಬೇಕು. ಮಾರ್ಜೋರಿ ಹೈಮ್ಸ್ 1940ರ ದಶಕದಲ್ಲಿ ವುಡಿ ಹರ್ಮನ್ ಬ್ಯಾಂಡ್‌ನಲ್ಲಿ ವೈಬ್ರಾಫೋನ್ ನುಡಿಸಿದರು. ಆಮೇಲೆ ಪಿಯಾನೋ ವಾದಕ ಜಾರ್ಜ್ ಶಿಯರಿಂಗ್ ಅವರ ಐವರ ತಂಡ. ಪಿಯಾನೋ, ಗಿಟಾರ್, ವೈಬ್ರಾಫೋನ್ ಸೇರಿ ಒಂದೇ ದನಿಯ ಹಾಗೆ ಕೇಳುವ ಆ ತಂಡದ ಧಾಟಿ ಇದೆಯಲ್ಲ, ಅದರಲ್ಲಿ ಅವರ ಪಾಲು ದೊಡ್ಡದು. 1950ರಲ್ಲಿ ಮದುವೆಯಾಗಿ ತಂಡ ಬಿಟ್ಟರು. ಅವರು ಬದುಕಿದ್ದು 2012ರವರೆಗೆ. ಇವತ್ತು ಮೆಕ್ಸಿಕೋ ಮೂಲದ ಪೆಟ್ರೀಸಿಯಾ ಬ್ರೆನನ್, ಅಮೆರಿಕದ ಸಾಶಾ ಬರ್ಲಿನರ್ ತಮ್ಮದೇ ತಂಡ ಕಟ್ಟಿ, ತಮ್ಮದೇ ಸಂಗೀತ ಬರೆಯುತ್ತಿದ್ದಾರೆ. ಮೊಮ್ಮಗಳಿಗೆ ಈ ಹೆಸರುಗಳು ಬಹುಶಃ ನಮಗಿಂತ ಮೊದಲೇ ಗೊತ್ತಿರುತ್ತವೆ.

ನಿಮ್ಮ ಪ್ರಶ್ನೆಗೆ ತೀರಾ ಹತ್ತಿರದ ಉತ್ತರ ಗ್ಯಾರಿ ಬರ್ಟನ್. ಇಂಡಿಯಾನಾದ ಸಣ್ಣ ಊರಿನ ಹುಡುಗ, ಹುಟ್ಟಿದ್ದು 1943ರಲ್ಲಿ. ಆರನೇ ವಯಸ್ಸಿನಲ್ಲಿ ಪಾಠ ಶುರು, ಆಮೇಲೆ ಹೆಚ್ಚಿನದೆಲ್ಲ ತಾನೇ ಕಲಿತದ್ದು. ಜೊತೆಗೆ ಪಿಯಾನೋ ನುಡಿಸುವವರಿಲ್ಲ ಅಂದರೆ ಏನು ಮಾಡುವುದು? ಕೈಗೆರಡರಂತೆ ನಾಲ್ಕು ಕೋಲು ಹಿಡಿದ. ಎರಡರಲ್ಲಿ ರಾಗ, ಉಳಿದೆರಡರಲ್ಲಿ ಜೊತೆಸ್ವರ. ನಾಲ್ಕು ಕೋಲು ಅವರಿಗಿಂತ ಮೊದಲೂ ಇತ್ತು, ಆದರೆ ಅಷ್ಟು ಚುರುಕಾಗಿ ಯಾರೂ ನುಡಿಸಿರಲಿಲ್ಲ. ಕೋಲುಗಳನ್ನು ಬೆರಳಲ್ಲಿ ಅಡ್ಡಡ್ಡ ಹಿಡಿಯುವ ಆ ರೀತಿಗೆ ಈಗ ಬರ್ಟನ್ ಗ್ರಿಪ್ ಅಂತಲೇ ಹೆಸರು. ಒಂದು ಕೋಲಿನಿಂದ ಸ್ವರ ಹೊಡೆದು, ಇನ್ನೊಂದು ಕೋಲಿನ ತಲೆಯನ್ನು ಪಟ್ಟಿಗೆ ಒತ್ತಿ ಆ ಒಂದೇ ಸ್ವರ ನಿಲ್ಲಿಸುವುದನ್ನೂ ಅವರು ಪಳಗಿಸಿದರು. ಮೋಟಾರನ್ನು ಹೆಚ್ಚಾಗಿ ಆಫ್ ಮಾಡಿಯೇ ಇಡುತ್ತಿದ್ದರು. ನಮ್ಮ ಕಿವಿಗೆ ಒಂದು ಕೊರತೆ ಅನ್ನಿಸುತ್ತದೆ, ಅಲ್ವಾ? ಸ್ವರದಿಂದ ಸ್ವರಕ್ಕೆ ಜಾರಲು ಆಗುವುದಿಲ್ಲ, ಗಮಕ ಇಲ್ಲ. ಹಾರ್ಮೋನಿಯಂ ಬಗ್ಗೆ ಇದ್ದ ದೂರೇ ಇದು. ಬರ್ಟನ್ ಗಟ್ಟಿ ಕೋಲೊಂದನ್ನು ಪಟ್ಟಿಯ ಮೇಲೆ ಒತ್ತಿ ಎಳೆದು ಸ್ವರವನ್ನು ಚೂರು ಬಗ್ಗಿಸಿಯೂ ತೋರಿಸಿದರು.

ಅವರ ಉದ್ಯೋಗದ ಕತೆ ಇನ್ನೂ ಸ್ವಾರಸ್ಯ. ಶಿಯರಿಂಗ್ ತಂಡ, ಸ್ಯಾಕ್ಸೋಫೋನ್ ವಾದಕ ಸ್ಟಾನ್ ಗೆಟ್ಜ್ ತಂಡ, 1967ರಲ್ಲಿ ಸ್ವಂತ ತಂಡ. 1971ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಬಾಸ್ಟನ್ನಿನ ಬರ್ಕ್ಲೀ ಸಂಗೀತ ಕಾಲೇಜಿನಲ್ಲಿ ಮೇಷ್ಟ್ರಾದರು. 1985ರಲ್ಲಿ ಡೀನ್, ಆಮೇಲೆ ಇನ್ನೂ ಮೇಲೆ. 2004ರವರೆಗೆ ಅಲ್ಲೇ ಇದ್ದರು. ಅದರ ನಡುವೆಯೇ ಚಿಕ್ ಕೊರಿಯಾ ಜೊತೆ ಪಿಯಾನೋ–ವೈಬ್ರಾಫೋನ್ ಜೋಡಿ ಕಚೇರಿಗಳು, ಏಳು ಗ್ರ್ಯಾಮಿ ಪ್ರಶಸ್ತಿಗಳು. 2017ರಲ್ಲಿ ತಾವಾಗಿಯೇ ಕೋಲು ಕೆಳಗಿಟ್ಟರು. ತಿಂಗಳ ಸಂಬಳ ಇದ್ದದ್ದರಿಂದ ಇಷ್ಟವಿಲ್ಲದ ಕಡೆ ನುಡಿಸುವ ದರ್ದು ಅವರಿಗಿರಲಿಲ್ಲ ಎಂದು ನನ್ನ ಅಂದಾಜು. ಮೇಷ್ಟರ ಕೆಲಸವನ್ನು ಸಂಗೀತಗಾರನ ಸೋಲು ಅನ್ನುವವರನ್ನು ಕಂಡಾಗ ನನಗೆ ಬರ್ಟನ್ ನೆನಪಾಗುತ್ತಾರೆ.

ನಮ್ಮ ಕಡೆಯ ನಂಟೂ ಒಂದು ಎಳೆ ಇದೆ. ಲಾಸ್ ಏಂಜಲಿಸ್ ಸ್ಟುಡಿಯೋಗಳ ಎಮಿಲ್ ರಿಚರ್ಡ್ಸ್ ಅಂತ ಒಬ್ಬರು, ವೈಬ್ರಾಫೋನಿನಿಂದ ಹಿಡಿದು ಊರೂರಿನ ತಾಳವಾದ್ಯ ಕೂಡಿಟ್ಟವರು. 1974ರಲ್ಲಿ ಬೀಟಲ್ಸ್ ತಂಡದಲ್ಲಿದ್ದ ಜಾರ್ಜ್ ಹ್ಯಾರಿಸನ್ ಮತ್ತು ಸಿತಾರ್‌ನ ರವಿಶಂಕರ್ ಒಟ್ಟಿಗೆ ಅಮೆರಿಕ ಸುತ್ತಿದಾಗ ಆ ತಂಡದಲ್ಲಿ ಅವರೂ ಇದ್ದರು. ಮುಂಬೈ ಸಿನಿಮಾ ಸ್ಟುಡಿಯೋಗಳಲ್ಲಿ ಕೆರ್ಸಿ ಲಾರ್ಡ್ ಇದೇ ಜಾತಿಯ ವಾದ್ಯಗಳನ್ನು ನುಡಿಸಿ ಬದುಕಿದರು. ಅಲ್ಲೂ ಇಲ್ಲೂ ಅನ್ನ ಹಾಕಿದ್ದು ಸ್ಟುಡಿಯೋನೇ.

ಅಂತೂ ನಿಮ್ಮ ಮೊಮ್ಮಗಳಿಗೆ ಹೇಳುವುದಾದರೆ: ಕಲಿಯಲಿ. ಜೊತೆಗೆ ಪಿಯಾನೋ ಬಿಡುವುದು ಬೇಡ, ಡ್ರಮ್ಸ್ ಗೊತ್ತಿರಲಿ, ಸ್ವರಲಿಪಿಯನ್ನು ನೋಡಿದ ಕೂಡಲೇ ನುಡಿಸಲು ಬರಲಿ. ಇನ್ನೊಬ್ಬರ ತಂಡದಲ್ಲಿ ಕುರ್ಚಿ ಖಾಲಿಯಾಗಲಿ ಅಂತ ಕಾಯಬಾರದು, ಯಾಕೆಂದರೆ ಕುರ್ಚಿಯೇ ಇಲ್ಲ. ಶಾಲೆಯ ಗೆಳೆಯರನ್ನೇ ಸೇರಿಸಿ ತಂಡ ಕಟ್ಟಲಿ, ತನ್ನದೇ ಹಾಡು ಬರೆಯಲಿ. ಒಂದು ದೊಡ್ಡ ಕಾರೂ ಬೇಕಾಗುತ್ತದೆ, ಆ ಖರ್ಚು ಅವಳ ಅಪ್ಪನ ಲೆಕ್ಕಕ್ಕೆ ಬರೆಯಿರಿ.

ಫೋಟೋದ ತಿದ್ದುಪಡಿ ಇದೇ ಸಂಚಿಕೆಯಲ್ಲಿದೆ. ಮುಂದಿನ ಸಲ ವಿಡಿಯೋ ಕಾಲ್‌ನಲ್ಲಿ ಅದನ್ನೂ ತೋರಿಸಿ. ಹಾಗೇ ಒಂದು ಕುತೂಹಲ: ಅವಳು ಹಿಡಿಯುವುದು ಎರಡು ಕೋಲೋ, ನಾಲ್ಕೋ? ಬರೆದು ತಿಳಿಸಿ.

– ಸಂಪಾದಕ