ಸದನದ ಸಮಯ ಯಾರ ಕೈಯಲ್ಲಿದೆ?

ಕಲಬುರಗಿಯ ಓದುಗರೊಬ್ಬರು ಬರೆದಿದ್ದಾರೆ: "ಸಂಸತ್ತು ನಡೆಯುವುದು ನಮ್ಮ ತೆರಿಗೆ ಹಣದಲ್ಲಿ. ತೊಗರಿ ಬೆಲೆ ಬಿದ್ದರೆ ಅಲ್ಲಿ ಐದು ನಿಮಿಷವೂ ಸಿಗುವುದಿಲ್ಲ. ಜಾಸ್ತಿ ಜನರಿಗೆ ತಟ್ಟುವ ವಿಷಯಗಳನ್ನು ಮಾತ್ರ ಚರ್ಚಿಸಬೇಕು ಅಂತ ನಿಯಮ ಮಾಡಬಾರದೇಕೆ?"

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ನೀವು ಕೇಳುವ ನಿಯಮವನ್ನು ನಾನು ಒಪ್ಪಲಾರೆ. ತಲೆ ಎಣಿಸಿ ವಿಷಯ ಆರಿಸಿದರೆ ಸಣ್ಣ ಸಮುದಾಯಗಳ ಸರದಿ ಬರುವುದೇ ಇಲ್ಲ. 2011ರ ಜನಗಣತಿಯಲ್ಲಿ ಗಂಡೂ ಅಲ್ಲದೆ ಹೆಣ್ಣೂ ಅಲ್ಲದೆ 'ಇತರೆ' ಎಂದು ಲೆಕ್ಕಕ್ಕೆ ಸಿಕ್ಕವರು ಐದು ಲಕ್ಷಕ್ಕೂ ಕಡಿಮೆ. ಇಂಥ ಲಿಂಗತ್ವ ಅಲ್ಪಸಂಖ್ಯಾತರ (ಟ್ರಾನ್ಸ್‌ಜೆಂಡರ್) ಹಕ್ಕುಗಳಿಗಾಗಿ ತಮಿಳುನಾಡಿನ ಸಂಸದ ತಿರುಚ್ಚಿ ಶಿವ ಖಾಸಗಿ ಮಸೂದೆ, ಅಂದರೆ ಮಂತ್ರಿಯಲ್ಲದ ಸದಸ್ಯರು ಮಂಡಿಸುವ ಮಸೂದೆ, ತಂದರು. 2015ರ ಏಪ್ರಿಲ್ 24ರಂದು ರಾಜ್ಯಸಭೆ ಅದನ್ನು ಒಮ್ಮತದಿಂದ ಒಪ್ಪಿತು. ಲೋಕಸಭೆಯನ್ನು ಅದು ದಾಟಲಿಲ್ಲ, ನಿಜ. ಮುಂದೆ ಸರ್ಕಾರವೇ ಬೇರೆ ಮಸೂದೆ ತಂದು 2019ರಲ್ಲಿ ಕಾಯ್ದೆ ಮಾಡಿತು. ಆ ಕಾಯ್ದೆಯ ಬಗ್ಗೆ ಸಮುದಾಯದವರಿಗೇ ತಕರಾರುಗಳಿವೆ. ಆದರೂ ಅವರ ಬದುಕಿನ ಮಾತು ಸದನದಲ್ಲಿ ಕೇಳಿಸಿತು. ನಿಮ್ಮ ನಿಯಮವಿದ್ದಿದ್ದರೆ ಅಷ್ಟೂ ಆಗುತ್ತಿರಲಿಲ್ಲ, ಅಲ್ವಾ?

ನನ್ನ ಚಿಂತೆ ಬೇರೆ. ಆರಿಸುವವರು ಯಾರು? ಲೋಕಸಭೆಯಲ್ಲಿ ಯಾವುದಕ್ಕೆ ಎಷ್ಟು ಗಂಟೆ ಎಂದು ಹೇಳುವುದು ಕಲಾಪ ಸಲಹಾ ಸಮಿತಿ. ಸ್ಪೀಕರ್ ಅದರ ಅಧ್ಯಕ್ಷರು, ವಿರೋಧ ಪಕ್ಷದವರೂ ಅದರಲ್ಲಿರುತ್ತಾರೆ. ಆದರೆ ವಾರದ ಬಹುಪಾಲು ಸಮಯ ಸರ್ಕಾರದ ಕೆಲಸಕ್ಕೇ ಮೀಸಲು. ಮಂತ್ರಿಗಳಲ್ಲದ ಸದಸ್ಯರ ಮಸೂದೆ, ನಿರ್ಣಯಗಳಿಗೆ ಉಳಿಯುವುದು ಶುಕ್ರವಾರದ ಕೊನೆಯ ಎರಡೂವರೆ ಗಂಟೆ. ಆ ಹೊತ್ತಿಗೆ ಎಷ್ಟೋ ಸಂಸದರು ಊರಿನ ದಾರಿ ಹಿಡಿದಿರುತ್ತಾರೆ. 1970ರ ನಂತರ ಒಂದು ಖಾಸಗಿ ಮಸೂದೆಯೂ ಕಾಯ್ದೆಯಾಗಿಲ್ಲ.

ಇನ್ನು, ಜಾಸ್ತಿ ಜನರಿಗೆ ತಟ್ಟುವ ವಿಷಯಕ್ಕಾದರೂ ಸಮಯ ಸಿಕ್ಕಿತೇ? ಮೂರು ಕೃಷಿ ಕಾಯ್ದೆಗಳನ್ನು ವಾಪಸ್ ಪಡೆಯುವ ಮಸೂದೆ 2021ರ ನವೆಂಬರ್ 29ರಂದು ಎರಡೂ ಸದನಗಳಲ್ಲಿ ಪಾಸಾಯಿತು. ಲೋಕಸಭೆಯಲ್ಲಿ ಚರ್ಚೆಯೇ ಆಗಲಿಲ್ಲ. ರೈತರು ಒಂದು ವರ್ಷ ದೆಹಲಿಯ ಗಡಿಯಲ್ಲಿ ಕೂತಿದ್ದ ವಿಷಯವದು! ಇದು ನನಗೆ ಇವತ್ತಿಗೂ ನೋವಿನ ಸಂಗತಿ. 2018ರ ಮಾರ್ಚ್‌ನಲ್ಲಿ ಬಜೆಟ್ಟಿಗೂ ಲೋಕಸಭೆ ಗದ್ದಲದ ನಡುವೆ ಹಾಗೇ ಒಪ್ಪಿಗೆ ಕೊಟ್ಟಿತು. ಸದನದ 'ಬಾವಿ'ಗೆ, ಅಂದರೆ ಸ್ಪೀಕರ್ ಪೀಠದ ಮುಂದಿನ ಜಾಗಕ್ಕೆ, ಇಳಿದು ಘೋಷಣೆ ಕೂಗುವ ವಿರೋಧ ಪಕ್ಷಗಳೂ ಇದಕ್ಕೆ ಹೊಣೆ. ಆದರೆ ತಮ್ಮದು ಅನ್ನುವ ಒಂದು ದಿನವೂ ಇಲ್ಲದವರು ಗಲಾಟೆಯನ್ನೇ ನೆಚ್ಚಿಕೊಳ್ಳುತ್ತಾರೆ.

ಬ್ರಿಟನ್ನಿನ ಕೆಳಮನೆಯಲ್ಲಿ ಒಂದು ಅಧಿವೇಶನಕ್ಕೆ 20 ದಿನ ವಿರೋಧ ಪಕ್ಷಗಳಿಗೆ ಮೀಸಲು. ಏನು ಚರ್ಚಿಸಬೇಕೆಂದು ಅವರೇ ಹೇಳುತ್ತಾರೆ. ಮಂತ್ರಿಗಿರಿಯಾಗಲಿ ಪಕ್ಷದ ಮುಂಚೂಣಿ ಹುದ್ದೆಯಾಗಲಿ ಇಲ್ಲದ ಹಿಂದಿನ ಸಾಲಿನ ಸದಸ್ಯರ ಚರ್ಚೆಗಳನ್ನು ಆರಿಸಲು 2010ರಿಂದ ಬೇರೆಯೇ ಸಮಿತಿಯಿದೆ. ನಮ್ಮಲ್ಲೂ ಅಂಥ ದಿನಗಳನ್ನು ನಿಯಮದಲ್ಲೇ ಬರೆಯಬೇಕು. ನಿಯಮ ಬೇಕೆಂದಿರಲ್ಲ, ನಾನು ಕೇಳುವ ನಿಯಮ ಇದು.

ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ತೊಗರಿ ಖರೀದಿ ಬಗ್ಗೆ ಚುಕ್ಕೆ ಗುರುತಿನ ಪ್ರಶ್ನೆ ಕೇಳಿ ಎಂದು ನಿಮ್ಮ ಸಂಸದರಿಗೆ ಬರೆಯಿರಿ. ಅದಕ್ಕೆ 15 ದಿನ ಮೊದಲೇ ನೋಟಿಸ್ ಕೊಡಬೇಕು. ಲಾಟರಿಯಲ್ಲಿ ದಿನದ ಮೊದಲ 20 ಪ್ರಶ್ನೆಗಳಲ್ಲಿ ಅದು ಬಂದು ಸದನದಲ್ಲಿ ಅದರ ಸರದಿ ಬಂದರೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ಮರುಪ್ರಶ್ನೆಗಳನ್ನೂ ಎದುರಿಸಬೇಕು. ಪತ್ರದಲ್ಲಿ ನಿಮ್ಮ ಮಾರುಕಟ್ಟೆಯ ದರವನ್ನು ತಾರೀಖಿನ ಸಮೇತ ಬರೆಯುವುದನ್ನು ಮರೆಯಬೇಡಿ.