ಜೇನುಗೂಡಿನ ಅಂಟು, ಅಮ್ಮನ ಕಾಲಿನ ಹುಣ್ಣು

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ನನ್ನ ತಾಯಿಗೆ 62 ವರ್ಷ. ಹನ್ನೊಂದು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಒಂದೂವರೆ ತಿಂಗಳ ಹಿಂದೆ ಎಡಗಾಲಿನ ಹೆಬ್ಬೆರಳಿನ ಬುಡದಲ್ಲಿ ಚಪ್ಪಲಿ ಕಚ್ಚಿ ಆದ ಗಾಯ ಈಗ ಹುಣ್ಣಾಗಿದೆ, ನೋವಿಲ್ಲ ಎನ್ನುತ್ತಾರೆ. ಬಂಧುವೊಬ್ಬರು ಪ್ರೊಪೋಲಿಸ್ ಎಂಬ ಹನಿಮದ್ದು ತಂದುಕೊಟ್ಟು, ದಿನಕ್ಕೆರಡು ಸಲ ಕುಡಿಯಿರಿ, ಹುಣ್ಣಿಗೂ ಹಚ್ಚಿ, ಇಂಗ್ಲಿಷ್ ಮಾತ್ರೆ ಬಿಟ್ಟುಬಿಡಿ ಎಂದಿದ್ದಾರೆ. ಅಮ್ಮ ಐದು ದಿನಗಳಿಂದ ಮಾತ್ರೆ ಮುಟ್ಟಿಲ್ಲ. ಜೇನಿನಿಂದ ಬಂದದ್ದು ತಾನೇ, ಕೆಡುಕೇನು ಎನ್ನುತ್ತಾರೆ. ಏನು ಹೇಳಲಿ ಡಾಕ್ಟರಮ್ಮ?
– ಹೆಸರು ಬೇಡ, ಹೊಳಲ್ಕೆರೆ

ಉತ್ತರ: ಪತ್ರ ಕೈಸೇರಿದ ದಿನವೇ ನಿಮಗೆ ಫೋನಿನಲ್ಲಿ ಹೇಳಿದ್ದನ್ನು ಉಳಿದ ಓದುಗರಿಗಾಗಿ ಮತ್ತೆ ಬರೆಯುತ್ತಿದ್ದೇನೆ. ಮಾತ್ರೆ ಇವತ್ತೇ ಮತ್ತೆ ಶುರುವಾಗಬೇಕು. ಕಾಲನ್ನು ನಾಳೆಯೊಳಗೆ ವೈದ್ಯರಿಗೆ ತೋರಿಸಬೇಕು. ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ‘ನೋವಿಲ್ಲ’ ಎಂಬ ಮಾತು. ಬಹುಕಾಲದ ಸಕ್ಕರೆ ಕಾಯಿಲೆಯಲ್ಲಿ ಪಾದದ ನರಗಳು ಮರಗಟ್ಟುತ್ತವೆ. ಹುಣ್ಣು ಮೂಳೆಯವರೆಗೆ ಇಳಿದರೂ ನೋವು ತಿಳಿಯುವುದಿಲ್ಲ. ಚಿತ್ರದುರ್ಗದ ನನ್ನ ಕ್ಲಿನಿಕ್ಕಿಗೆ ಹೀಗೆ ತಡವಾಗಿ ಬಂದು ಬೆರಳು ಕಳೆದುಕೊಂಡವರನ್ನು ನೋಡಿದ್ದೇನೆ. ಅದಕ್ಕೇ ಇಷ್ಟು ಬಿರುಸಾಗಿ ಹೇಳುತ್ತಿದ್ದೇನೆ.

ಇನ್ನು ಪ್ರೊಪೋಲಿಸ್. ವೈದ್ಯಕೀಯ ಓದುವ ಮೊದಲೇ ನಾನು ಅದನ್ನು ಕೈಯಲ್ಲಿ ಮುಟ್ಟಿದ್ದೆ. ನಮ್ಮ ತಂದೆ ಜೇನು ಸಾಕುತ್ತಿದ್ದರು. 1991–92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಕರ್ನಾಟಕದ ತುಡುವೆ ಜೇನನ್ನು ಬಳಿದುಕೊಂಡು ಹೋದಾಗ ಅವರ ಹನ್ನೆರಡು ಪೆಟ್ಟಿಗೆಗಳೂ ಖಾಲಿಯಾದವು. ಕೆಲವು ವರ್ಷ ಬಿಟ್ಟು ಹೊರದೇಶದ ಮೆಲ್ಲಿಫೆರಾ ಜೇನನ್ನು ತಂದು ಸೂರ್ಯಕಾಂತಿ ಹೊಲದ ಬದುವಿನಲ್ಲಿ ಇಟ್ಟರು. ತುಡುವೆಯ ಪೆಟ್ಟಿಗೆಯಲ್ಲಿ ಎಂದೂ ಕಾಣದ ಕಂದು ಅಂಟನ್ನು ನಾನು ನೋಡಿದ್ದು ಆಗಲೇ. ಚಳಿಗಾಲದ ಬೆಳಿಗ್ಗೆ ಮುಚ್ಚಳ ಮೀಟಿದರೆ ಟಕ್ಕೆಂದು ಒಡೆಯುತ್ತಿತ್ತು. ಬೇಸಿಗೆಯಲ್ಲಿ ಹಲಸಿನ ಮೇಣದಂತೆ ಎಳೆ ಎಳೆಯಾಗಿ ಬೆರಳಿಗೆ ಸುತ್ತಿಕೊಳ್ಳುತ್ತಿತ್ತು. ಮೂಸಿದರೆ ಹಾಲುಮಡ್ಡಿಯ ನೆನಪು. ಒಂದು ಸಲ ಪೆಟ್ಟಿಗೆಯ ತಳದಲ್ಲಿ ಸತ್ತ ಹಲ್ಲಿಯೊಂದು ಸಿಕ್ಕಿತು. ಹೊರಗೆ ಎಳೆದು ಹಾಕಲು ಆಗದ ಜೇನುಗಳು ಅದಕ್ಕೆ ಬಾಲದ ತುದಿಯವರೆಗೂ ಈ ಅಂಟು ಬಳಿದಿದ್ದವು. ಒಣಗಿತ್ತು, ಕೊಳೆತಿರಲಿಲ್ಲ, ವಾಸನೆಯೂ ಇರಲಿಲ್ಲ.

ಪ್ರೊಪೋಲಿಸ್ ಅಂದರೆ ಇದೇ. ಮರದ ಮೊಗ್ಗು, ತೊಗಟೆಗಳಲ್ಲಿ ಒಸರುವ ರಾಳವನ್ನು ಜೇನು ತಂದು, ಮೇಣ ಬೆರೆಸಿ, ಬಿರುಕು ಮುಚ್ಚಲು, ಗೂಡಿನ ಒಳಗೋಡೆಗೆ ಬಳಿಯಲು ಬಳಸುತ್ತದೆ. ಬ್ಯಾಕ್ಟೀರಿಯಾ, ಶಿಲೀಂಧ್ರಗಳನ್ನು ತಡೆಯುವ ಶಕ್ತಿ ಅದರಲ್ಲಿ ಇರುವುದು ನಿಜ. ಆದರೆ ಜೇನು ಅದನ್ನು ತಿನ್ನುವುದಿಲ್ಲ, ಮರಿಗಳಿಗೆ ಉಣ್ಣಿಸುವುದೂ ಇಲ್ಲ. ಮನುಷ್ಯರ ಮೇಲಿನ ಅಧ್ಯಯನಗಳಲ್ಲಿಯೂ ತಕ್ಕಮಟ್ಟಿಗೆ ಗುಣ ಕಂಡಿರುವುದು ಹೆಚ್ಚಾಗಿ ಹೊರಗೆ ಹಚ್ಚಿದಾಗ, ಬಾಯಿ ಮುಕ್ಕಳಿಸಿದಾಗ: ತುಟಿಯ ಹರ್ಪಿಸ್ ಗುಳ್ಳೆಗೆ, ಬಾಯಿಹುಣ್ಣಿಗೆ. ರಕ್ತದ ಸಕ್ಕರೆ ತುಸು ಇಳಿಯಿತು ಎನ್ನುವ ಸಣ್ಣ ಅಧ್ಯಯನಗಳೂ ಇವೆ. ಅವು ಮಾತ್ರೆ ಬಿಡಿಸಲು ಆಧಾರವಾಗುವಂಥವಲ್ಲ.

ಯಾವ ಮರದ ರಾಳವೋ ಆ ಪ್ರೊಪೋಲಿಸ್. ಯುರೋಪಿನದು ಬಹುಪಾಲು ಪಾಪ್ಲರ್ ಮರದ್ದು, ಬ್ರೆಜಿಲ್‌ನ ಹಸಿರು ಬಗೆ ಒಂದು ಪೊದೆಗಿಡದ್ದು. ಹೆಸರು ಒಂದೇ, ಒಳಗಿನ ಸರಕು ಬೇರೆ. ಅದಕ್ಕೇ ಇಷ್ಟು ಹನಿ ಎಂದು ಯಾರಾದರೂ ಖಚಿತವಾಗಿ ಹೇಳಿದರೆ ನಾನು ನಂಬುವುದಿಲ್ಲ. ತುಡುವೆ ಜೇನಿನ ಪ್ರೊಪೋಲಿಸ್ ಎಂದು ಮಾರುವವರನ್ನಂತೂ ನಂಬಲೇಬೇಡಿ. ತುಡುವೆ ಇದನ್ನು ಕೂಡಿಡುವುದೇ ಇಲ್ಲ. (ನಮ್ಮ ಕಡ್ಡಿಜೇನು ಗೂಡಿನ ಕೊಂಬೆಯ ಎರಡೂ ಬದಿಗೆ ಅಂಟಿನ ಪಟ್ಟಿ ಬಳಿದು ಇರುವೆಗಳನ್ನು ತಡೆಯುತ್ತದೆ. ಬೇಲಿಯಲ್ಲಿ ಕಂಡರೆ ದೂರದಿಂದಲೇ ಗಮನಿಸಿ, ಎಷ್ಟು ಅಚ್ಚುಕಟ್ಟಾದ ಕೆಲಸ!)

ಬಾಟಲಿಯ ಚೀಟಿ ಓದಿ. ರಾಳ ನೀರಿನಲ್ಲಿ ಸರಿಯಾಗಿ ಕರಗದ ಕಾರಣ ಇಂಥ ಹನಿಗಳಲ್ಲಿ ಎಷ್ಟೋ ಸಲ ಮದ್ಯಸಾರ ಇರುತ್ತದೆ. ಅದನ್ನು ತೆರೆದ ಹುಣ್ಣಿಗೆ ಹಚ್ಚುವುದು ಬೇಡ. ಅಲರ್ಜಿಯೂ ಇದೆ. ನಮ್ಮ ತಂದೆಯ ಬೆರಳ ಸಂದುಗಳು ವರ್ಷಗಟ್ಟಲೆ ಕೆಂಪಾಗಿ, ತುರಿಸಿ, ಬಿರಿದು ನೀರಾಡುತ್ತಿದ್ದವು. ಅಂಟು ಹೋಗಲೆಂದು ಸೀಮೆಎಣ್ಣೆಯಲ್ಲಿ ತೊಳೆದು ಇನ್ನಷ್ಟು ಕೆಡಿಸಿಕೊಂಡರು. ನಾನು ಎಂಬಿಬಿಎಸ್ ಓದುವಾಗ, ಜೇನು ಸಾಕುವವರಿಗೆ ಪ್ರೊಪೋಲಿಸ್ ಮುಟ್ಟಿ ಬರುವ ಚರ್ಮದ ಅಲರ್ಜಿಯ ಪಾಠ ಕೇಳಿ ಆ ರಾತ್ರಿಯೇ ಊರಿಗೆ ಫೋನ್ ಮಾಡಿದೆ. ಕೈಗವಸು ಹಾಕಿದ ಮೇಲೆ ತಿಂಗಳೊಪ್ಪತ್ತಿನಲ್ಲಿ ಬೆರಳು ಮಾಗಿದವು.

ಗಾಯಕ್ಕೆ ಜೇನುತುಪ್ಪವನ್ನೇ ಹಚ್ಚಬಹುದೇ ಎಂದೂ ಕೇಳುತ್ತಾರೆ. ಚರ್ಮದ ಪೂರ್ತಿ ಆಳಕ್ಕೆ ಇಳಿಯದ ಸುಟ್ಟ ಗಾಯ ಜೇನುತುಪ್ಪದಿಂದ ಬೇಗ ಮಾಯುವಂತೆ ಕಾಣುತ್ತದೆ ಎಂದು, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2015ರ ಕಾಕ್ರೇನ್ ವಿಮರ್ಶೆ ಹೇಳಿದೆ. ಆದರೆ ಆಸ್ಪತ್ರೆಗೆಂದು ತಯಾರಾಗುವ ಜೇನುತುಪ್ಪವನ್ನು ಗಾಮಾ ಕಿರಣದಿಂದ ಶುದ್ಧ ಮಾಡಿರುತ್ತಾರೆ, ಅಡುಗೆಮನೆಯ ಡಬ್ಬಿಯದು ಹಾಗಲ್ಲ. ಕುಡಿಯುವುದಾದರೆ, ಜೇನುತುಪ್ಪದ ನೂರು ಗ್ರಾಮಿನಲ್ಲಿ ಎಂಬತ್ತು ಗ್ರಾಂ ಸಕ್ಕರೆಯೇ ಎಂದು ನಿಮ್ಮ ತಾಯಿಯವರಿಗೆ ತಿಳಿಸಿ.

ಪ್ರಶ್ನೆ: ರಾಯಲ್ ಜೆಲ್ಲಿ ತಿಂದರೆ ಶಕ್ತಿ ಬರುತ್ತದೆಯೇ? ನನಗೆ ಉಬ್ಬಸವಿದೆ.
– ದಾವಣಗೆರೆಯ ಓದುಗರು

ಉತ್ತರ: ರಾಯಲ್ ಜೆಲ್ಲಿ ಅಂದರೆ ರಾಣಿಜೇನಿಗೆ ಉಣ್ಣಿಸಲು ಕೆಲಸಗಾರ ಜೇನುಗಳು ಒಸರುವ ಹಾಲಿನಂಥ ಆಹಾರ. ನಿಮಗೆ ಅದು ಬೇಡವೇ ಬೇಡ. ಉಬ್ಬಸ ಇರುವವರಲ್ಲಿ ಅದು ಪ್ರಾಣಕ್ಕೆ ಎರವಾದ ಉದಾಹರಣೆಗಳಿವೆ. ವಾರ್ಫರಿನ್‌ನಂಥ ರಕ್ತ ತೆಳುಮಾಡುವ ಮಾತ್ರೆ ನುಂಗುವವರೂ ದೂರವಿರಬೇಕು.

ಪ್ರಶ್ನೆ: ನನ್ನ ಮಗುವಿಗೆ ನಾಲ್ಕು ತಿಂಗಳು. ಅತ್ತೆಯವರು ಬಜೆ ತೇಯ್ದು ಜೇನುತುಪ್ಪದಲ್ಲಿ ನೆಕ್ಕಿಸುತ್ತಾರೆ. ಬಿಡಿಸಬೇಕೇ?
– ಹಿರಿಯೂರಿನ ಓದುಗರು

ಉತ್ತರ: ಬಿಡಿಸಬೇಕು, ಈ ಹೊತ್ತಿನಿಂದಲೇ. ಜೇನುತುಪ್ಪದಲ್ಲಿ ಬಾಟುಲಿಸಂ ಎಂಬ, ಸ್ನಾಯುಗಳ ಬಲ ಕಸಿಯುವ ಕಾಯಿಲೆಯ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು. ನಮ್ಮ ಕರುಳು ಅವನ್ನು ಮೊಳೆಯಲು ಬಿಡುವುದಿಲ್ಲ. ಹಸುಗೂಸಿನ ಕರುಳಿಗೆ ಆ ಬಲ ಇನ್ನೂ ಬಂದಿರುವುದಿಲ್ಲ. ಬಿಸಿ ಮಾಡಿ ಕೊಟ್ಟರೂ ಅವು ಸಾಯುವುದಿಲ್ಲ. ಮಲಬದ್ಧತೆ, ಕ್ಷೀಣವಾದ ಅಳು, ಜೋತುಬಿದ್ದ ರೆಪ್ಪೆ, ಹಾಲು ಚೀಪಲಾಗದ ಸುಸ್ತು – ಇವು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಹುಟ್ಟುಹಬ್ಬ ಒಂದು ಕಳೆಯಲಿ. ಆಮೇಲೆ ಕೆಮ್ಮಿದರೆ ಮಲಗುವ ಮುಂಚೆ ಅರ್ಧ ಚಮಚ ಜೇನುತುಪ್ಪವನ್ನು ನಾನೇ ಕೊಡಿ ಎನ್ನುತ್ತೇನೆ. ಅತ್ತೆಯವರು ಪ್ರೀತಿಯಿಂದಲೇ ಮಾಡುತ್ತಿರುವುದು. ಜಗಳ ಬೇಡ, ಪಕ್ಕದಲ್ಲಿ ಕುಳಿತು ಅವರಿಗೆ ಈ ಉತ್ತರ ಓದಿ ಹೇಳಿ.