ಓದುಗರ ಪ್ರಶ್ನೆ: ಆಂಡಿ ವಾರ್ಹೋಲ್ ಮತ್ತು ಸಂಕೋಚ

ಪ್ರಶ್ನೆ: ದಿನಬಳಕೆಯ ವಸ್ತು, ಜಾಹೀರಾತು, ತಾರೆಯರ ಫೋಟೊಗಳನ್ನೇ ಚಿತ್ರವಾಗಿಸಿದ ಅಮೆರಿಕದ ‘ಪಾಪ್’ ಕಲಾವಿದ ಆಂಡಿ ವಾರ್ಹೋಲ್ ವಿಪರೀತ ಸಂಕೋಚದವರಾಗಿದ್ದರೆಂದು ಓದಿದೆ. ಸದಾ ತಾರೆಯರ ನಡುವೆಯೇ ಓಡಾಡಿದವರ ಬಗ್ಗೆ ಇದನ್ನು ನಂಬುವುದು ಹೇಗೆ? ಸೂಪಿನ ಡಬ್ಬಿಗಳನ್ನು ಬರೆದದ್ದರಲ್ಲಿ ಮೆಚ್ಚುವಂಥದ್ದಾದರೂ ಏನಿದೆ?

ಉತ್ತರ: ನಿಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಸಿಗುತ್ತದೆ. 1928ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ, ಈಗಿನ ಸ್ಲೊವಾಕಿಯಾದ ಹಳ್ಳಿಯೊಂದರಿಂದ ವಲಸೆ ಬಂದ ಕಾರ್ಮಿಕ ಕುಟುಂಬದಲ್ಲಿ ಹುಟ್ಟಿದ ವಾರ್ಹೋಲ್, ಕೈಕಾಲುಗಳು ತಮ್ಮಷ್ಟಕ್ಕೆ ಅದುರುವ ಕಾಯಿಲೆಯಿಂದ ಬಾಲ್ಯದಲ್ಲಿಯೇ ಹಾಸಿಗೆ ಹಿಡಿದಿದ್ದರು. ಆಗ ಸಿನಿಮಾ ತಾರೆಯರ ಚಿತ್ರಗಳೇ ಅವರಿಗೆ ಜೊತೆ. ಬಣ್ಣ ತುಂಬಿದ ಪ್ರತಿ ಪುಟಕ್ಕೂ ತಾಯಿ ಜೂಲಿಯಾ ಒಂದೊಂದು ಚಾಕೊಲೇಟ್ ಕೊಡುತ್ತಿದ್ದರಂತೆ.

1949ರಲ್ಲಿ ನ್ಯೂಯಾರ್ಕ್‌ಗೆ ಬಂದು ಜಾಹೀರಾತುಗಳಿಗೆ ಚಿತ್ರ ಬರೆಯತೊಡಗಿದಾಗ ಅವರು ಅನುಸರಿಸಿದ ವಿಧಾನವನ್ನು ಗಮನಿಸಿ. ಒಂದು ಹಾಳೆಯ ಮೇಲೆ ಶಾಯಿಯಲ್ಲಿ ಗೆರೆ ಎಳೆದು, ಅದು ಒಣಗುವ ಮುನ್ನವೇ ಇನ್ನೊಂದು ಹಾಳೆಗೆ ಒತ್ತಿ, ಅಲ್ಲಿ ಅಲ್ಲಲ್ಲಿ ತುಂಡಾಗಿ ಮೂಡಿದ ಅಚ್ಚನ್ನೇ ಅವರು ಗಿರಾಕಿಗೆ ಕೊಡುತ್ತಿದ್ದರು. ಚಿತ್ರದೊಳಗಿನ ಅಕ್ಷರಗಳನ್ನು ಎಷ್ಟೋ ಸಲ ತಾಯಿಯಿಂದಲೇ ಬರೆಸುತ್ತಿದ್ದರು. ನೋಡುವವರಿಗೂ ತಮಗೂ ನಡುವೆ ಏನಾದರೊಂದು ಮರೆ ಇರಲೇಬೇಕೆಂಬ ಈ ಸ್ವಭಾವವೇ ಮುಂದೆ ಅವರ ಕಲೆಯಾಯಿತು ಎಂಬುದು ನನ್ನ ಅಭಿಪ್ರಾಯ. ಟೇಪ್ ರೆಕಾರ್ಡರನ್ನು ತಮ್ಮ ಹೆಂಡತಿಯೆಂದು ಕರೆದುಕೊಂಡವರು ಅವರು!

1962ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪ್ರದರ್ಶಿಸಿದ 32 ಸೂಪಿನ ಡಬ್ಬಿಗಳನ್ನು ಬಹುಮಟ್ಟಿಗೆ ಕೈಯಿಂದಲೇ ಬರೆದಿದ್ದರೂ, ಬರೆದ ಕೈಯ ಗುರುತು ಕಾಣದಂತೆ ಅವರು ಎಚ್ಚರ ವಹಿಸಿದ್ದರು. ಒಂದೊಂದು ಡಬ್ಬಿಯದೂ ಒಂದೊಂದು ರುಚಿ. ಡಬ್ಬಿಯ ಮೇಲಿನ ಹೆಸರು ಓದದೆ ಅವುಗಳ ವ್ಯತ್ಯಾಸ ತಿಳಿಯುವುದು ಕಷ್ಟ. ಆದರೆ ನನಗೆ ಅದಕ್ಕಿಂತ ಹೆಚ್ಚು ಇಷ್ಟವಾಗುವುದು, ಅದೇ ವರ್ಷ ಮರ್ಲಿನ್ ಮನ್ರೋ ತೀರಿಕೊಂಡ ಬಳಿಕ ಮಾಡಿದ ಜೋಡಿ ಫಲಕ. ಸಿನಿಮಾ ಪ್ರಚಾರದ ಒಂದೇ ಫೋಟೊವನ್ನು, ಚೌಕಟ್ಟಿಗೆ ಬಿಗಿದ ತೆಳುಬಟ್ಟೆಯ ಪರದೆಯ ಮೂಲಕ ಶಾಯಿ ಎಳೆದು 50 ಸಲ ಅಚ್ಚೊತ್ತಿದ್ದಾರೆ. ಎಡಕ್ಕೆ ಬಣ್ಣದ 25 ಮುಖಗಳು, ಬಲಕ್ಕೆ ಕಪ್ಪುಬಿಳುಪಿನ 25. ಬಲಭಾಗದ ಒಂದು ಸಾಲಿನಲ್ಲಿ ಶಾಯಿ ಮೆತ್ತಿಕೊಂಡು ಕಣ್ಣುಮೂಗು ಕಪ್ಪಾಗಿವೆ, ಅಂಚಿನತ್ತ ಸಾಗಿದಂತೆ ಮುಖ ಮಾಸುತ್ತ ಅಳಿಸಿಯೇ ಹೋಗುತ್ತದೆ. ಭಾವನೆಯೇ ಇಲ್ಲದವರೆಂದು ಅವರನ್ನು ಹಳಿಯುವವರು ಈ ಸಾಲುಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಪ್ರಶ್ನೆ: ಉಪನ್ಯಾಸಕ್ಕೆ ಅವರು ತಮ್ಮ ಬದಲು ಬೇರೊಬ್ಬರನ್ನು ಕಳಿಸಿದ್ದು ನಿಜವೇ?

ಉತ್ತರ: ನಿಜ. 1967ರಲ್ಲಿ ಅಲೆನ್ ಮಿಡ್ಜೆಟ್ ಎಂಬ ನಟ ಕೂದಲಿಗೆ ಬೆಳ್ಳಿಬಣ್ಣ ಬಳಿದುಕೊಂಡು ಹಲವು ಕಾಲೇಜುಗಳಲ್ಲಿ ವಾರ್ಹೋಲ್ ಆಗಿ ಕಾಣಿಸಿಕೊಂಡರು. ಗುಟ್ಟು ರಟ್ಟಾದ ಮೇಲೆ, ತಮಗಿಂತ ಆತನೇ ಆ ಕೆಲಸಕ್ಕೆ ಹೆಚ್ಚು ಸೂಕ್ತ ಎಂಬ ಧಾಟಿಯಲ್ಲಿ ವಾರ್ಹೋಲ್ ಸಮಜಾಯಿಷಿ ಕೊಟ್ಟರು. ಅವರ ಅಭಿಮಾನಿಗಳು ಇದನ್ನೂ ಕಲೆಯೆಂದೇ ಕೊಂಡಾಡುವುದುಂಟು. ನಾನು ಅಷ್ಟು ದೂರ ಹೋಗಲಾರೆ. ಕೇಳಲು ಬಂದ ವಿದ್ಯಾರ್ಥಿಗಳ ಮಟ್ಟಿಗೆ ಅದು ವಂಚನೆಯೇ.